ನುಡಿ ಫೈಲು ತೆರೆದರೆ ಗೀಚುಬರಹ: ವೈರಸ್ ಎನ್ನುವ ಮೊದಲು ಇಷ್ಟು ನೋಡಿ

ಹಳೇ ಫೈಲು ತೆರೆಯುತ್ತೀರಿ. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಕೊಂಬು ಮೂಡಿದ ‘ಎ’ಗಳು ಸಾಲುಗಟ್ಟಿ ನಿಂತಿವೆ. ನನ್ನ ಡಿಟಿಪಿ ಅಂಗಡಿಗೆ ವಾರಕ್ಕೊಬ್ಬರಾದರೂ ಈ ದೂರು ಹೊತ್ತು ಬರುತ್ತಾರೆ. ಪೆನ್‌ಡ್ರೈವ್ ಕೈಗಿಡುವ ಮೊದಲೇ ರೋಗದ ಹೆಸರನ್ನೂ ಅವರೇ ಹೇಳಿಬಿಡುತ್ತಾರೆ: “ಫೈಲಿಗೆ ವೈರಸ್ ಬಂದಿದೆ ಸಾರ್.”

ಬಂದಿರುವುದಿಲ್ಲ. ಆದರೆ ಬಂದಿದೆ ಎಂದು ಗಾಬರಿಬಿದ್ದು, ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿ, ನಿಜವಾದ ವೈರಸ್ಸನ್ನು ಮನೆಯೊಳಕ್ಕೆ ಕರೆದುಕೊಂಡವರು ಇದ್ದಾರೆ. ಕಳೆದ ಮಳೆಗಾಲದಲ್ಲಿ ಬಂದ ನಿವೃತ್ತ ಮೇಷ್ಟ್ರೊಬ್ಬರದು ಇದೇ ಕತೆ. ಅವರ ಸಂಘದ ಬೈಲಾ, 22 ಪುಟ, ಹಿಂದೊಮ್ಮೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಸಿಟ್ಟದ್ದು. ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ, ವಿಂಡೋಸ್ 11. ಅದರಲ್ಲಿ ಬೈಲಾ ತೆರೆದರೆ ಗೀಚು. ಮೇಷ್ಟ್ರು ಹುಡುಕಿದರು, ಮೊದಲು ಕಂಡ ತಾಣದಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಒತ್ತಿದರು, ಕೇಳಿದ್ದಕ್ಕೆಲ್ಲ ‘ಯೆಸ್’ ಎಂದರು. ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಾಗ ಬೈಲಾ ಇನ್ನೂ ಗೀಚಾಗಿಯೇ ಇತ್ತು. ಜೊತೆಗೆ ಬಲಗಡೆ ಮೂಲೆಯಲ್ಲಿ ನಿಮಿಷಕ್ಕೊಮ್ಮೆ ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್’ ಎಂಬ ಕೆಂಪು ಚೀಟಿ ಜಿಗಿಯುತ್ತಿತ್ತು.

ಮೇಷ್ಟ್ರ ಲ್ಯಾಪ್‌ಟಾಪ್ ಬಿಡಿಸಿದ ಕ್ರಮದಲ್ಲೇ ಇದನ್ನು ಬರೆಯುತ್ತಿದ್ದೇನೆ. ಏನನ್ನೂ ಇನ್‌ಸ್ಟಾಲ್ ಮಾಡದೆ ಮೊದಲು ಬರೀ ನೋಡುವುದು.

ಗೀಚು ಯಾವ ಜಾತಿಯದು?

ಎಲ್ಲ ಗೀಚೂ ಒಂದೇ ಅಲ್ಲ. ಕಣ್ಣಿಟ್ಟು ನೋಡಿದರೆ ನಾಲ್ಕು ಬಗೆ ಕಾಣುತ್ತದೆ, ಪ್ರತಿಯೊಂದಕ್ಕೂ ಮದ್ದು ಬೇರೆ.

ಮೊದಲನೆಯದು ಮೇಷ್ಟ್ರದ್ದು. ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ಕೊಂಬಿನ ದೊಡ್ಡ ‘ಎ’, ಪೌಂಡ್ ಚಿಹ್ನೆ, ಮತ್ತೆ ಕೊಂಬಿನ ‘ಎ’, ಗ್ರೀಕರ ಬೀಟಾದ ಹಾಗೆ ಕಾಣುವ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ಕೊಂಬಿನ ‘ಎ’. ಇದು ನುಡಿ ಅಥವಾ ಅಂಥದ್ದೇ ಇನ್ನೊಂದು ತಂತ್ರಾಂಶವಾದ ‘ಬರಹ’ದ ಹಳೇ ಫಾಂಟಿನಲ್ಲಿ ಮಾಡಿದ ಫೈಲಿನ ಗುರುತು. ಆ ‘ಪಿ’ ಎಂದರೆ ತಲೆಕಟ್ಟಿಲ್ಲದ ಕ. ಕೊಂಬಿನ ‘ಎ’ಯೇ ತಲೆಕಟ್ಟು. ಪೌಂಡ್ ಎಂದರೆ ತಲೆಕಟ್ಟಿಲ್ಲದ ನ, ಬೀಟಾ ಎಂದರೆ ನ ಒತ್ತು. ದಿನಾ ನೋಡಿ ನೋಡಿ ನಮ್ಮಂಥವರಿಗೆ ಇದು ಓದಲೂ ಬಂದುಬಿಡುತ್ತದೆ, ಹೆಮ್ಮೆಪಡುವಂಥ ವಿದ್ಯೆಯೇನಲ್ಲ.

ಎರಡನೆಯದರಲ್ಲಿ ‘ಎ’ ದೊಡ್ಡದಲ್ಲ, ಸಣ್ಣದು. ಅದರ ಪಕ್ಕದಲ್ಲೇ ವರ್ಗ ಹಾಕಿದ ಹಾಗೆ ಮೇಲಕ್ಕೇರಿದ ಪುಟ್ಟ 2 ಇಲ್ಲವೇ 3, ಬಳಿಕ ಏನೋ ಒಂದು ಚಿಹ್ನೆ. ಈ ಮೂವರ ಗುಂಪು ಸಾಲುದ್ದಕ್ಕೂ ಮರುಕಳಿಸುತ್ತದೆ. ಇದು ಯೂನಿಕೋಡ್ ಕನ್ನಡವೇ (ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟ, ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಪದ್ಧತಿ ಯೂನಿಕೋಡ್), ತೆರೆದ ತಂತ್ರಾಂಶ ತಪ್ಪಾಗಿ ಓದಿದೆ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಮೂರನ್ನೂ ಬಿಡಿಬಿಡಿಯಾಗಿ ಇಂಗ್ಲಿಷ್ ಅಕ್ಷರವೆಂದು ಓದಿದರೆ ಈ ಮೂವರು ಸಿಗುತ್ತಾರೆ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದವರಿಗೆ ಇದು ಚೆನ್ನಾಗಿ ಗೊತ್ತು. ಖಾಲಿ ಎಕ್ಸೆಲ್ ತೆರೆದು, ‘ಡೇಟಾ’ ಪಟ್ಟಿಯಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001 ಯುಟಿಎಫ್-8 ಕೊಟ್ಟರೆ ಕನ್ನಡ ಮರಳುತ್ತದೆ.

ಮೂರನೆಯದು ಖಾಲಿ ಚೌಕಗಳು. ಅಕ್ಷರ ಸರಿಯಾಗಿಯೇ ಇದೆ, ಅದನ್ನು ಬಿಡಿಸಿ ತೋರಿಸುವ ಫಾಂಟ್ ಇಲ್ಲ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಎಂಬ ಫಾಂಟ್ ಜೊತೆಗೇ ಬರುವುದರಿಂದ ಇದು ಈಗ ಅಪರೂಪ. ಎಕ್ಸ್‌ಪಿ ಕಾಲದ ತುಂಗಾ ಫಾಂಟೇ ಬೇಕೆಂದು ಹಟ ಹಿಡಿದವರು ವಿಂಡೋಸ್ 10 ಮತ್ತು 11ರ ಐಚ್ಛಿಕ ಸೌಲಭ್ಯಗಳಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿಕೊಳ್ಳಬಹುದು.

ನಾಲ್ಕನೆಯದು ಬರೀ ಪ್ರಶ್ನೆಚಿಹ್ನೆಗಳ ಸಾಲು. ಇಲ್ಲಿ ಮಾತ್ರ ನಾನು ಕೈಚೆಲ್ಲುತ್ತೇನೆ. ಯಾರೋ ಯೂನಿಕೋಡ್ ಕನ್ನಡವನ್ನು ಎಎನ್‌ಎಸ್‌ಐ ಎಂಬ ಹಳೇ ವಿಧಾನದಲ್ಲಿ ಸೇವ್ ಮಾಡಿದ್ದಾರೆ, ಜಾಗ ಸಿಗದ ಅಕ್ಷರವೆಲ್ಲ ಪ್ರಶ್ನೆಚಿಹ್ನೆಯಾಗಿ ಉಳಿದಿದೆ. ಫೈಲಿನೊಳಗೆ ಈಗ ಇರುವುದೇ ಪ್ರಶ್ನೆಚಿಹ್ನೆ. ಯಾವ ‘ರಿಪೇರಿ ಟೂಲ್’ ಕೊಂಡರೂ ಬಾರದು. ಕಳಿಸಿದವರ ಹತ್ತಿರ ಮೂಲ ಪ್ರತಿ ಕೇಳಿ.

ಮೊದಲ ಬಗೆಯೋ ಎರಡನೆಯದೋ ಎಂಬ ಅನುಮಾನ ಉಳಿದರೆ, ವರ್ಡ್‌ನಲ್ಲಿ ಒಂದು ಗೀಚು ಪದದ ಮೇಲೆ ಕರ್ಸರ್ ಇಟ್ಟು ಮೇಲಿನ ಫಾಂಟ್ ಪೆಟ್ಟಿಗೆ ನೋಡಿ. ‘ನುಡಿ 01 ಇ’ ಎಂದೋ ‘ಬಿಆರ್‌ಎಚ್ ಕನ್ನಡ’ (ಇದು ಬರಹದ ಫಾಂಟು) ಎಂದೋ ಹೆಸರಿದ್ದರೆ ಅನುಮಾನ ಮುಗಿಯಿತು. ಇಲ್ಲೊಂದು ಮೋಸವಿದೆ. ಪೆಟ್ಟಿಗೆಯಲ್ಲಿ ಹೆಸರು ಕಂಡ ಮಾತ್ರಕ್ಕೆ ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇದೆ ಎಂದಲ್ಲ. ಫೈಲಿನೊಳಗೆ ಬರೆದಿಟ್ಟ ಹೆಸರನ್ನು ವರ್ಡ್ ಸುಮ್ಮನೆ ಓದಿ ಹೇಳುತ್ತದೆ. ಮೇಷ್ಟ್ರು “ನುಡಿ ಇದೆಯಲ್ಲ, ನೋಡಿ, ಹೆಸರು ತೋರಿಸ್ತಾ ಇದೆ” ಎಂದು ವಾದಿಸಿದ್ದು ಇದೇ ಕಾರಣಕ್ಕೆ. ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರಲ್ಲಿ ಫಾಂಟ್ಸ್ ತೆರೆದು ನುಡಿ ಎಂದು ಹುಡುಕಿಸಿದೆ. ಒಂದೂ ಇರಲಿಲ್ಲ.

ಹೀಗೇಕೆ ಆಗುತ್ತದೆ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ 1991ರ ಮೊದಲ ಆವೃತ್ತಿಯಲ್ಲೇ ಸಿಕ್ಕಿತ್ತು. ಆದರೆ ಅದನ್ನು ತೆರೆಯ ಮೇಲೆ ಸರಿಯಾಗಿ ಜೋಡಿಸುವ ಸಾಮರ್ಥ್ಯ ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿ ಹೊತ್ತಿಗೆ. ಅಲ್ಲಿಯವರೆಗೆ ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಶೇಷಾದ್ರಿವಾಸು ಅವರ ಬರಹ 1998ರಲ್ಲೇ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಹಿಂದೆಯೇ. ಆಗ ಫಾಂಟಿನಲ್ಲಿ ಇದ್ದದ್ದು 256 ಮನೆ, ಅದೂ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದದ್ದು. ನಮ್ಮವರು ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು: ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂದಿಗೂ ಪೌಂಡ್ ಚಿಹ್ನೆಯೇ, ಕನ್ನಡದ ಬಣ್ಣ ಹಚ್ಚಿದ್ದು ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಫೈಲು ಯಕ್ಷಗಾನದ ಚೌಕಿಗೆ ಮರಳಿದ ವೇಷಧಾರಿಯಂತೆ ಬಣ್ಣ ಕಳಚಿ ಕೂರುತ್ತದೆ. ಫೈಲು ಕೆಟ್ಟಿಲ್ಲ ಎನ್ನುವುದು ಇದಕ್ಕೇ.

ಮೊಬೈಲಿಗೆ ವಾಟ್ಸಾಪ್‌ನಲ್ಲಿ ಬಂದ ವರ್ಡ್ ಫೈಲು ಗೀಚಾಗಿ ಕಾಣುವುದೂ, ನೋಡಲು ಚೊಕ್ಕ ಕನ್ನಡವಿರುವ ಹಳೇ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಪೌಂಡ್‌ಗಳು ಬರುವುದೂ ಇದೇ ಕಾರಣಕ್ಕೆ. ಮೊಬೈಲಿನವರಿಗೆ ಪಿಡಿಎಫ್ ಮಾಡಿ ಕಳಿಸಿ, ಅಲ್ಲಿಗೆ ಮುಗಿಯಿತು.

ಬೇಕಿರುವುದು ಫಾಂಟ್ ಒಂದೇ

ಓದುವುದಕ್ಕಷ್ಟೇ ಆದರೆ ಇಡೀ ನುಡಿ ತಂತ್ರಾಂಶ ಬೇಡ. ಡಾಟ್ ಟಿಟಿಎಫ್ ಎಂದು ಕೊನೆಯಾಗುವ ಒಂದು ಫಾಂಟ್ ಫೈಲು ಸಾಕು. ಎಲ್ಲಕ್ಕಿಂತ ಸುರಕ್ಷಿತ ದಾರಿ ಅಂತರ್ಜಾಲದಲ್ಲೇ ಇಲ್ಲ: ಆ ಫೈಲು ಮೊದಲು ಸರಿಯಾಗಿ ತೆರೆಯುತ್ತಿದ್ದ ಹಳೇ ಕಂಪ್ಯೂಟರ್. ಅದರ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್. ನುಡಿ ಹೆಸರಿನವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ಹೊಸದರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಅಕ್ಷರಗಳ ಮಾದರಿ ತೋರಿಸುವ ಕಿಟಕಿ ತೆರೆಯುತ್ತದೆ, ಮೇಲೆ ‘ಇನ್‌ಸ್ಟಾಲ್’ ಗುಂಡಿ ಇರುತ್ತದೆ. ಒತ್ತಿ, ವರ್ಡನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮೇಷ್ಟ್ರ ಬೈಲಾಕ್ಕೆ ಹಿಡಿದದ್ದು ಎರಡು ನಿಮಿಷ.

ನುಡಿಯಲ್ಲಿ ಟೈಪಾದದ್ದು ಬಿಆರ್‌ಎಚ್ ಫಾಂಟಿನಲ್ಲೂ ಬಹುಮಟ್ಟಿಗೆ ಓದಲು ಬರುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದು ಬರುವುದಿಲ್ಲ, ಅದರ ಮನೆಗಳ ಹಂಚಿಕೆಯೇ ಬೇರೆ. ಹಳೇ ಮುದ್ರಣಾಲಯದಿಂದ ಬಂದ ಫೈಲಾದರೆ ಯಾವ ಫಾಂಟಿನಲ್ಲಿ ಮಾಡಿದ್ದೆಂದು ಅವರನ್ನೇ ಕೇಳುವುದು ಲೇಸು.

ಹಳೇ ಕಂಪ್ಯೂಟರ್ ಗುಜರಿಗೆ ಹೋಗಿದ್ದರೆ, ನುಡಿಯನ್ನು ಕನ್ನಡ ಗಣಕ ಪರಿಷತ್ತಿನ ತಾಣದಿಂದ, ಬರಹವನ್ನು ಬರಹದ್ದೇ ತಾಣದಿಂದ ತನ್ನಿ. ಹುಡುಕಿದಾಗ ಮೇಲೆ ಬರುವ ಮೊದಲ ಒಂದೆರಡು ಸಾಲು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ‘ಪ್ರಾಯೋಜಿತ’ ಎಂದೋ ‘ಸ್ಪಾನ್ಸರ್ಡ್’ ಎಂದೋ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ‘ಉಚಿತ ಸಾಫ್ಟ್‌ವೇರ್’ ತಾಣಗಳಲ್ಲಿ ಒಂದೇ ಪುಟದಲ್ಲಿ ನಾಲ್ಕು ಡೌನ್‌ಲೋಡ್ ಗುಂಡಿಗಳಿರುತ್ತವೆ. ಅತಿ ದೊಡ್ಡದು, ಅತಿ ಹಸಿರಾದದ್ದು ಸಾಮಾನ್ಯವಾಗಿ ನಿಮಗೆ ಬೇಕಾದದ್ದಲ್ಲ.

ಡೌನ್‌ಲೋಡ್ ಆದ ಮೇಲೆ, ಒತ್ತುವ ಮೊದಲು

ವಿಂಡೋಸ್ ಫೈಲಿನ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ, ಹೊಸಬರಿಗೆ ಅರ್ಧ ತೊಂದರೆ ಅದರಿಂದಲೇ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಒತ್ತಿ ಬಾಲ ಕಾಣುವಂತೆ ಮಾಡಿ. ಮೇಷ್ಟ್ರ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹೀಗೆ ಮಾಡಿದಾಗ ಅವರು ‘ಫಾಂಟ್’ ಎಂದುಕೊಂಡದ್ದರ ಬಾಲ ಹೊರಬಂತು: ಡಾಟ್ ಟಿಟಿಎಫ್, ಅದರ ಹಿಂದೆ ಇನ್ನೊಂದು ಡಾಟ್, ಇಎಕ್ಸ್‌ಇ. ಕೊನೆಯ ಬಾಲವೇ ನಿಜ. ಇಎಕ್ಸ್‌ಇ, ಎಂಎಸ್‌ಐ, ಎಸ್‌ಸಿಆರ್, ಬಿಎಟಿ, ಜೆಎಸ್ ಎಂದಿದ್ದರೆ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಲು ಹೊರಟ ಪ್ರೋಗ್ರಾಮ್. ಫಾಂಟ್ ಫೈಲು ತೆರೆದಾಗ ಮಾದರಿ ಅಕ್ಷರ ಕಾಣಬೇಕೇ ಹೊರತು, ತೆರೆ ಮಬ್ಬಾಗಿ ‘ಈ ಆಪ್ ಬದಲಾವಣೆ ಮಾಡಲು ಬಿಡುತ್ತೀರಾ’ ಎಂಬ ಪ್ರಶ್ನೆ ಬರಕೂಡದು. ಬಂದರೆ ‘ನೋ’.

ಗೀಚು ತೋರಿಸಿ ಫಾಂಟ್ ಮಾರುವ ಈ ಚಮತ್ಕಾರ ಹಳೆಯದು. 2017ರಲ್ಲಿ ಕಳ್ಳರು ಬೇರೆಯವರ ತಾಣಗಳಿಗೆ ಕನ್ನ ಹಾಕಿ, ಕ್ರೋಮ್‌ನಲ್ಲಿ ನೋಡಿದವರಿಗೆ ಪುಟದ ಅಕ್ಷರಗಳನ್ನು ಬೇಕೆಂದೇ ಕಲಸಿ ತೋರಿಸಿ, ‘ಹೆಫ್ಲರ್‌ಟೆಕ್ಸ್ಟ್ ಫಾಂಟ್ ಸಿಕ್ಕಿಲ್ಲ, ಅಪ್‌ಡೇಟ್ ಮಾಡಿ’ ಎಂಬ ಗುಂಡಿ ಇಟ್ಟಿದ್ದರು. ನಂಬಿ ಒತ್ತಿದ ಕೆಲವರಿಗೆ ಸಿಕ್ಕಿದ್ದು ಸ್ಪೋರಾ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ತಂತ್ರಾಂಶ. ಹಾಗೆಯೇ ಗೀಚು ತುಂಬಿದ ವರ್ಡ್ ಫೈಲು ಕಳಿಸಿ ‘ಸರಿಯಾಗಿ ಓದಲು ಎನೇಬಲ್ ಕಂಟೆಂಟ್ ಒತ್ತಿ’ ಎನ್ನುವುದೂ ಉಂಟು. ಆ ಗುಂಡಿಗೂ ಅಕ್ಷರ ಕಾಣುವುದಕ್ಕೂ ಸಂಬಂಧವಿಲ್ಲ. ಅದು ಫೈಲಿನೊಳಗೆ ಅಡಗಿದ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಮ್ ಓಡಿಸಲು ಕೊಡುವ ಅನುಮತಿ.

ಇನ್ನು ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಎಂಬ ನೀಲಿ ಫಲಕ. ಇದರ ಬಗ್ಗೆ ನಿಜ ಹೇಳಬೇಕು. ಹೆಚ್ಚು ಜನ ಡೌನ್‌ಲೋಡ್ ಮಾಡಿರದ, ಡಿಜಿಟಲ್ ಸಹಿ ಇಲ್ಲದ ತಂತ್ರಾಂಶಕ್ಕೆಲ್ಲ ಅದು ಬರುತ್ತದೆ. ಹಳೇ ಕಾಲದ ಪ್ರಾಮಾಣಿಕ ಕನ್ನಡ ತಂತ್ರಾಂಶಕ್ಕೂ ಬರಬಹುದು. ಆದ್ದರಿಂದ ಫಲಕ ಬಂದರೆ ವೈರಸ್ಸೆಂದೂ ಅಲ್ಲ, ಬರದಿದ್ದರೆ ಒಳ್ಳೆಯದೆಂದೂ ಅಲ್ಲ. ‘ಮೋರ್ ಇನ್ಫೋ’ ಒತ್ತಿದರೆ ಪಬ್ಲಿಷರ್ ಹೆಸರು ಕಾಣುತ್ತದೆ, ಕೆಳಗೆ ‘ರನ್ ಎನಿವೇ’ ಗುಂಡಿ ಬರುತ್ತದೆ. ಅಧಿಕೃತ ತಾಣದಿಂದ ನೀವೇ ವಿಳಾಸ ಟೈಪ್ ಮಾಡಿ ತಂದದ್ದಲ್ಲವಾದರೆ ಆ ಗುಂಡಿಯ ತಂಟೆಗೆ ಹೋಗಬೇಡಿ. ಅನುಮಾನವಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಆ ಇನ್‌ಸ್ಟಾಲರ್ ಏರಿಸಿ, ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ. ಇನ್‌ಸ್ಟಾಲರ್ ಮಾತ್ರ, ನಿಮ್ಮ ಬೈಲಾವನ್ನೋ ಬ್ಯಾಂಕ್ ಪತ್ರವನ್ನೋ ಏರಿಸಬೇಡಿ, ಅಲ್ಲಿಗೆ ಹೋದ ಫೈಲು ಬೇರೆಯವರಿಗೂ ಸಿಗುತ್ತದೆ. ‘ಇನ್‌ಸ್ಟಾಲ್ ಆಗಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಬರೆದ ಪುಟವನ್ನು ಅಲ್ಲೇ ಮುಚ್ಚಿ.

ಒತ್ತಿ ಆಗಿಹೋಗಿದೆ, ಈಗೇನು?

ಮೇಷ್ಟ್ರ ಕೆಂಪು ಚೀಟಿಗೆ ಬರೋಣ. ಅದು ವೈರಸ್ ಕೂಡ ಆಗಿರಲಿಲ್ಲ, ಬ್ರೌಸರ್ ನೋಟಿಫಿಕೇಶನ್. ಯಾವುದೋ ತಾಣ ‘ನಾನು ರೋಬೋಟ್ ಅಲ್ಲ ಎನ್ನಲು ಅಲೌ ಒತ್ತಿ’ ಎಂದಿತ್ತು, ಒತ್ತಿದ್ದರು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ತೆರೆದರೆ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನು ತೆಗೆದುಹಾಕಿದ ತಕ್ಷಣ ಚೀಟಿ ನಿಂತಿತು. ಅಂಥ ಚೀಟಿಯಲ್ಲಿ ಫೋನ್ ನಂಬರ್ ಇದ್ದರೆ ಕರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಆಮೇಲೆ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದೆ. ಒಂದೇ ದಿನ ಮೂರು ಹೊಸ ಹೆಸರು: ಒಂದು ‘ಪಿಸಿ ವೇಗವರ್ಧಕ’, ಒಂದು ಹುಡುಕು ಪಟ್ಟಿ, ಒಂದು ಪಿಡಿಎಫ್ ಏನೋ. ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿ, ಬ್ರೌಸರ್‌ನ ಎಕ್ಸ್‌ಟೆನ್ಶನ್‌ಗಳಲ್ಲಿ ಗುರುತಿಲ್ಲದ್ದನ್ನು ತೆಗೆದು, ಕೊನೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಕಾಲು ಗಂಟೆ ತಪಾಸಣೆ ಮಾಡುತ್ತದೆ, ಅಡಗಿ ಕೂತದ್ದು ಆಗ ಸಿಗುತ್ತದೆ. ದುಡ್ಡು ಕೊಟ್ಟು ಕೊಂಡ ಆ್ಯಂಟಿವೈರಸ್ ಇಲ್ಲವಲ್ಲ ಎಂದು ಮೇಷ್ಟ್ರು ಕೊರಗಿದರು. ಮನೆ ಬಳಕೆಗೆ ವಿಂಡೋಸ್‌ನದ್ದೇ ಡಿಫೆಂಡರ್ ಸಾಕೆಂಬುದು ನನ್ನ ಅನುಭವ, ಅಪ್‌ಡೇಟ್ ನಿಲ್ಲಿಸದಿದ್ದರೆ ಸರಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ನುಡಿ ಚೆನ್ನಾಗಿ ಓಡುತ್ತದೆಂದು 7ರಲ್ಲೇ ಉಳಿದವರು ಆ ಕಂಪ್ಯೂಟರನ್ನು ಟೈಪಿಂಗಿಗೆ ಇಟ್ಟುಕೊಳ್ಳಲಿ, ಬ್ಯಾಂಕ್ ಕೆಲಸಕ್ಕೆ ಬೇಡ.

ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಉಳಿಸಿಟ್ಟಿದ್ದರೆ ಮುಖ್ಯವಾದವನ್ನು ಬದಲಿಸಿ, ಅದೇ ಲ್ಯಾಪ್‌ಟಾಪ್‌ನಲ್ಲಲ್ಲ, ಮೊಬೈಲಿನಲ್ಲಿ. ಖಾತೆಯಿಂದ ದುಡ್ಡು ಹೋಗಿದ್ದರೆ ಮಿಕ್ಕದ್ದೆಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಬ್ಯಾಂಕಿಗೆ.

ಟೈಪ್ ಮಾಡಲು ಹೋದರೆ ಇಂಗ್ಲಿಷೇ ಬರುತ್ತದೆ

ಇದು ಬೇರೆಯದೇ ದೋಷ, ಆದರೆ ನುಡಿ ಹಾಕಿಕೊಂಡ ಮರುದಿನ ಫೋನ್ ಬರುವುದು ಇದಕ್ಕೇ. ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಸ್ಕ್ರೋಲ್ ಲಾಕ್ ಕೀ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ! ವಿಂಡೋಸ್ ಕೀ, ಕಂಟ್ರೋಲ್, ‘ಓ’ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಕೀಬೋರ್ಡ್ ಬರುತ್ತದೆ, ಅದರಲ್ಲಿ ಸ್ಕ್ರೋಲ್ ಲಾಕ್ ಇದೆ, ಮೌಸ್‌ನಲ್ಲಿ ಒತ್ತಿ. ಟಾಸ್ಕ್‌ಬಾರ್‌ನಲ್ಲಿ ವಿಂಡೋಸ್‌ನ ಕನ್ನಡ ಕೀಬೋರ್ಡ್ ಕೂಡ ಆನ್ ಆಗಿದ್ದರೆ ಎರಡೂ ಕಚ್ಚಾಡಿ ಎರಡೂ ಅಲ್ಲದ ಅಕ್ಷರ ಮೂಡುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿ ಅದನ್ನು ಇಂಗ್ಲಿಷಿಗೆ ತಂದು, ಆಮೇಲೆ ನುಡಿ ಬಳಸಿ.

ಹೊಸದಾಗಿ ಕಲಿಯುವವರಿಗೆ ನಾನು ನುಡಿಯ ಹಳೇ ಫಾಂಟಿನಲ್ಲಿ ಬರೆಯಲು ಹೇಳುವುದೇ ಇಲ್ಲ. ಯೂನಿಕೋಡ್‌ನಲ್ಲೇ ಬರೆಯಿರಿ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, ಹೊರಗಿನಿಂದ ಏನೂ ಹಾಕಬೇಕಿಲ್ಲ.

ಬೈಲಾವನ್ನು ಯೂನಿಕೋಡ್‌ಗೆ ತರುವುದು

ಫಾಂಟ್ ಹಾಕಿದ್ದರಿಂದ ಮೇಷ್ಟ್ರಿಗೆ ಓದಲು ಬಂತು, ಆದರೆ ಸಂಘದ ಉಳಿದ ಹನ್ನೊಂದು ನಿರ್ದೇಶಕರಿಗೆ ಮೊಬೈಲಿನಲ್ಲಿ ತಿದ್ದುಪಡಿ ಮಾಡಬೇಕಿತ್ತು. ಹಾಗಾಗಿ ಪರಿವರ್ತನೆ. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಆನ್‌ಲೈನ್ ಪರಿವರ್ತಕಗಳೂ ಇವೆ, ಆದರೆ ಆಧಾರ್ ನಂಬರ್ ಇರುವ ಅರ್ಜಿಯನ್ನು ಗುರುತಿಲ್ಲದ ತಾಣದ ಪೆಟ್ಟಿಗೆಗೆ ಸುರಿಯಬೇಡಿ. ಮೂಲ ಫೈಲನ್ನು ಮುಟ್ಟದೆ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ.

ಪರಿವರ್ತನೆ ನೂರಕ್ಕೆ ನೂರು ಆಗುವುದಿಲ್ಲ, ಎಲ್ಲಿ ತಪ್ಪುತ್ತದೆಂದು ಗೊತ್ತಿದ್ದರೆ ತಿದ್ದುವುದು ಸುಲಭ. ಮಧ್ಯೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ನುಡಿಯೆಂದೇ ತಿಳಿದು ಕನ್ನಡ ಮಾಡಿಬಿಡುತ್ತದೆ. ಅದಕ್ಕಿಂತ ಕಣ್ತಪ್ಪುವುದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ್ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು, ಒತ್ತೋ ದೀರ್ಘವೋ ಅಡ್ಡ ಬಂದರೆ ಕೆಲವೊಮ್ಮೆ ಎಡವುತ್ತದೆ.

ಮೇಷ್ಟ್ರು ತಿದ್ದಲು ಕೂತರು. ತೆರೆ ನೋಡದೆ ಪ್ರಿಂಟ್ ತೆಗೆಸಿಕೊಂಡು, ಕೆಂಪು ಪೆನ್ನು ಹಿಡಿದು, ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. ಏಳನೆಯ ಪುಟದಲ್ಲಿ ನಿಂತರು. ‘ಕಾರ್ಯದರ್ಶಿ’ಯಲ್ಲಿ ಎರಡು ಅರ್ಕಾವತ್ತು. ಒಂದು ಸರಿಯಾಗಿ ಕೂತಿತ್ತು, ಇನ್ನೊಂದು ಶಿಯಿಂದ ಜಾರಿ ಮುಂದಿನ ಪದದ ಹೆಗಲೇರಿತ್ತು. ಕಂಟ್ರೋಲ್ ‘ಎಫ್’ ಒತ್ತಿ ಹುಡುಕಿಸಿದೆ, ಅದೇ ತಪ್ಪು ಇನ್ನೂ ಹದಿನಾರು ಕಡೆ ಇತ್ತು. ಒಟ್ಟಿಗೇ ಬದಲಿಸಿದೆವು.